ಗ್ರೀಕ್ ರಂಗದ ಮೇಲೆ ಕುಡಿದು ಕುಣಿದ ರಾಜ: ಪೂರ್ವದ ಬಗ್ಗೆ ಪಶ್ಚಿಮ ಕಟ್ಟಿಕೊಂಡ ಚಿತ್ರ

ನವೆಂಬರ್ ಹತ್ತಿರ ಬಂತೆಂದರೆ ಒಂದು ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ: ಎರಡು ಸಾವಿರ ವರ್ಷದ ಹಿಂದಿನ ಗ್ರೀಕ್ ನಾಟಕದಲ್ಲಿ ಕನ್ನಡ ಮಾತುಗಳಿವೆ. ಈ ಸುದ್ದಿಗೆ ಬುಡವಿಲ್ಲದೆ ಇಲ್ಲ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣದ ತಿಪ್ಪೆಗುಡ್ಡೆಗಳನ್ನು ಅಗೆದ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಂಗ್ಲಿಷ್ ವಿದ್ವಾಂಸರು ಅಲ್ಲಿ ಸಿಕ್ಕ ಪಪೈರಸ್ (ಜೊಂಡಿನಿಂದ ಮಾಡಿದ ಹಾಳೆ) ಚೂರುಗಳಲ್ಲಿ 413ನೆಯ ಸಂಖ್ಯೆಯದನ್ನು 1903ರಲ್ಲಿ ಪ್ರಕಟಿಸಿದರು. ಕ್ರಿ.ಶ. ಎರಡನೆಯ ಶತಮಾನದ ಸುಮಾರಿನ ಆ ಹಾಳೆಯಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಅದರಲ್ಲಿ ಬರುವ ಭಾರತೀಯ ಪಾತ್ರಗಳು ಗ್ರೀಕಲ್ಲದ ಏನನ್ನೋ ಆಡುತ್ತವೆ. ಆ ಮಾತು ಕನ್ನಡ ಎಂದು ಶಾಸನತಜ್ಞ ಹುಲ್ಟ್ಷ್ 1904ರಲ್ಲಿ ಬರೆದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಾಶಾಸ್ತ್ರಿಗಳು ಅದನ್ನು ಬೆಂಬಲಿಸಿ ಮುಂದುವರಿಸಿದರು.

ಅಂದಿನಿಂದ ಇಂದಿನವರೆಗೂ ನಾವು ಕೇಳುತ್ತಿರುವುದು ಒಂದೇ ಪ್ರಶ್ನೆ: ಅದು ಕನ್ನಡವೋ ಅಲ್ಲವೋ? ಅದಕ್ಕಿಂತ ದೊಡ್ಡ ಪ್ರಶ್ನೆ ಪಕ್ಕದಲ್ಲೇ ಬಿದ್ದಿದೆ. ಗ್ರೀಕ್ ಪ್ರೇಕ್ಷಕನಿಗೆ ಒಂದಕ್ಷರವೂ ಅರ್ಥವಾಗದ ಮಾತನ್ನು ನಾಟಕ ಬರೆದವನು ಅಲ್ಲಿ ಇಟ್ಟಿದ್ದಾದರೂ ಯಾಕೆ?

ಕಥೆ ಹೀಗಿದೆ. ಖಾರಿತಿಯೋನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲತೀರದ ರಾಜನೊಬ್ಬನ ವಶದಲ್ಲಿ, ಚಂದ್ರದೇವತೆಯ ಗುಡಿಯಲ್ಲಿ ಸಿಕ್ಕಿಬಿದ್ದಿದ್ದಾಳೆ. ಸೋದರ ಹಡಗು ಕಟ್ಟಿಕೊಂಡು ಬಿಡಿಸಲು ಬಂದಿದ್ದಾನೆ. ಜೊತೆಗೊಬ್ಬ ವಿದೂಷಕ, ಹೂಸು ಬಿಡುವುದೇ ಅವನ ಆಯುಧ, ಬಿಲ್ಲು ಹಿಡಿದು ಬಂದ ಬೇಟೆಗಾರ್ತಿಯರನ್ನು ಅವನು ಓಡಿಸುವುದು ಅದರಿಂದಲೇ. ಪಾರಾಗುವ ಉಪಾಯ ಸರಳ. ಈ ಸೀಮೆಯವರಿಗೆ ದ್ರಾಕ್ಷಾರಸ ಗೊತ್ತಿಲ್ಲ, ಸಿಕ್ಕರೆ ನೀರು ಬೆರೆಸದೆ ಹಾಗೇ ಕುಡಿದುಬಿಡುತ್ತಾರೆ ಎಂದು ಲೆಕ್ಕಹಾಕಿ ರಾಜನಿಗೂ ಪರಿವಾರಕ್ಕೂ ಕುಡಿಸುತ್ತಾರೆ. ಅಮಲೇರಿದ ರಾಜ ದೇವತೆಯ ಮುಂದೆ ಕುಣಿಯುತ್ತಾನೆ, ಅವನನ್ನು ಕಟ್ಟಿಹಾಕಿ ಗ್ರೀಕರು ಹಡಗು ಹತ್ತುತ್ತಾರೆ. ಹೋಗುವಾಗ ಗುಡಿಯ ಕಾಣಿಕೆಗಳನ್ನೂ ಎತ್ತಿಕೊಂಡು ಹೋಗೋಣ ಎಂದು ವಿದೂಷಕ ಹೇಳಿದರೆ, ದೇವರ ನೆರವು ಬೇಡುವವರು ದೇವರ ಸೊತ್ತಿಗೆ ಕೈಹಾಕಬಾರದು ಎಂದು ಹುಡುಗಿ ತಡೆಯುತ್ತಾಳೆ. ಧರ್ಮ ಗ್ರೀಕರ ಕಡೆ, ಪೆದ್ದುತನ ಭಾರತೀಯರ ಕಡೆ. ಎಲ್ಲಿ ತಮಟೆ ಬಡಿಯಬೇಕು, ಎಲ್ಲಿ ತಾಳ ಕುಟ್ಟಬೇಕು ಎಂಬ ಗುರುತುಗಳು ಆ ಹಾಳೆಯಲ್ಲೇ ಇವೆ. ಅಂದರೆ ಓದಿ ಇಡಲು ಬರೆದದ್ದಲ್ಲ, ಆಡಲೆಂದೇ ಇಟ್ಟುಕೊಂಡ ಪ್ರತಿ. ಅರ್ಥವಾಗದ ಮಾತು ಕೂಡ ಆ ತಮಟೆಯ ಸಾಲಿಗೇ ಸೇರಿದ್ದು. ನಗು ಎಬ್ಬಿಸುವ ಒಂದು ಸದ್ದು. ‘ಬಾರ್ಬರೋಸ್’ ಎಂಬ ಗ್ರೀಕ್ ಪದ ಹುಟ್ಟಿದ್ದೂ ಪರಭಾಷೆ ‘ಬರ್ ಬರ್’ ಎಂದು ಕೇಳಿಸುತ್ತದೆ ಎಂಬುದರಿಂದ.

ಈಗ ಕನ್ನಡದ ಮಾತಿಗೆ ಬರೋಣ. ಉದ್ದಕ್ಕೆ ಪದ ಬಿಡಿಸದೆ ಬರೆದ ಗ್ರೀಕ್ ಅಕ್ಷರಗಳ ಒಂದು ಸಾಲನ್ನು ‘ಪಾನಂ ಬೇರೆತ್ತಿ ಕಟ್ಟಿ ಮಧುವಂ ಬೇರೆತ್ತುವೆನಿ’ ಎಂದೂ ಇನ್ನೊಂದನ್ನು ‘ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ’ ಎಂದೂ ಓದಿದ್ದಾರೆ. ಸನ್ನಿವೇಶ ಕುಡಿತದ್ದೇ ಆದ್ದರಿಂದ ಕೇಳಲು ಹೊಂದುತ್ತದೆ. ತೊಡಕಿರುವುದು ವ್ಯಾಕರಣದಲ್ಲಿ. ಪದದ ಮೊದಲ ‘ಪ’ಕಾರ ‘ಹ’ಕಾರವಾಗಿದ್ದು (ಪಾಲು ಹಾಲಾದದ್ದು, ಪೂ ಹೂವಾದದ್ದು) ಸುಮಾರು ಹತ್ತನೆಯ ಶತಮಾನದ ಆಚೀಚೆ. ಎರಡನೆಯ ಶತಮಾನದ ಬಾಯಲ್ಲಿ ‘ಹಾಕಿ’ ಬಂತೆಂದರೆ ಎಂಟುನೂರು ವರ್ಷ ಮುಂಚೆಯೇ ಬಂದಂತಾಯಿತು. ಹಳಗನ್ನಡದಲ್ಲಿ ‘ಎತ್ತುವೆಂ’ ಎಂದಿರಬೇಕಾದದ್ದು ‘ಎತ್ತುವೆನಿ’ ಆಗಿದೆ. ಹೋಲಿಸಿ ನೋಡೋಣವೆಂದರೆ ಆ ಕಾಲದ ಕನ್ನಡ ಬರಹ ನಮ್ಮ ಕೈಯಲ್ಲಿಲ್ಲ. ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದು. ತುಳು ಎಂದವರಿದ್ದಾರೆ, ಯಾವ ಭಾಷೆಯೂ ಅಲ್ಲ, ಬರೀ ಬಡಬಡಿಕೆ ಎಂದವರೂ ಇದ್ದಾರೆ. ನನ್ನ ಎಣಿಕೆಯಲ್ಲಿ, ಪಶ್ಚಿಮ ಕರಾವಳಿಗೆ ಬಂದುಹೋದ ನಾವಿಕರ ಕಿವಿಯಲ್ಲಿ ಉಳಿದ ಕೆಲವು ದ್ರಾವಿಡ ಸದ್ದುಗಳು ಅದರಲ್ಲಿ ಸೇರಿರಬಹುದು. ಪೂರ್ತಿ ವಾಕ್ಯಗಳನ್ನು ಕಾಣುವುದು ಅತಿಯಾಯಿತು. ಹೌದೆಂದೇ ಇಟ್ಟುಕೊಂಡರೂ, ಅಲ್ಲಿ ಕನ್ನಡ ಸಿಕ್ಕುವುದು ಗೇಲಿಗೊಳಗಾದವನ ಬಾಯಲ್ಲಿ.

ಈ ರಾಜ ಭಾರತವನ್ನು ನೋಡಿ ಬರೆದ ಪಾತ್ರವಲ್ಲ. ಸುಮಾರು ಕ್ರಿ.ಪೂ. 414ರಲ್ಲಿ ಅಥೆನ್ಸಿನ ಯೂರಿಪಿಡೀಸ್ ಕಪ್ಪು ಸಮುದ್ರದ ದಡದ ‘ತೌರಿಯ’ರ ನಡುವೆ ಸಿಕ್ಕಿಬಿದ್ದ ಇಫಿಜೀನಿಯಾಳ ನಾಟಕ ಬರೆದ. ಗುಡಿಯಲ್ಲಿರುವ ಗ್ರೀಕ್ ಹೆಣ್ಣು, ಹಡಗಿನಲ್ಲಿ ಬರುವ ಸೋದರ, ಮೋಸಹೋಗುವ ಪರದೇಶಿ ರಾಜ, ಕೊನೆಗೆ ಕಡಲಿಗೆ ಓಟ, ಎಲ್ಲವೂ ಅಲ್ಲೇ ಇವೆ. ಐನೂರು ವರ್ಷದ ನಂತರ ಅದೇ ಅಚ್ಚಿಗೆ ಭಾರತವನ್ನು ಸುರಿದರು. ಊರು ಬದಲಾಯಿತು, ವೇಷ ಬದಲಾಯಿತು, ಪರದೇಶಿಯ ಪಾತ್ರ ಬದಲಾಗಲಿಲ್ಲ. ಪೂರ್ವದ ಬಗೆಗಿನ ಪಶ್ಚಿಮದ ನೋಟ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಸಾಕ್ಷಿ ಬೇರೆ ಸಿಗುವುದು ಕಷ್ಟ.

ಆ ಅಚ್ಚನ್ನು ಮೊದಲು ಎರಕಹೊಯ್ದದ್ದು ಯುದ್ಧ. ಕ್ರಿ.ಪೂ. 480ರಲ್ಲಿ ಸಲಾಮಿಸ್ ಬಳಿ ಪರ್ಷಿಯದ ನೌಕಾಪಡೆ ಸೋತಿತು. ಎಂಟು ವರ್ಷಕ್ಕೆ, 472ರಲ್ಲಿ, ಪರ್ಷಿಯದ ವಿರುದ್ಧದ ಹಿಂದಿನ ಮಾರಥಾನ್ ಯುದ್ಧದಲ್ಲಿ ಸ್ವತಃ ಕಾದಾಡಿದ್ದ ಈಸ್ಕಿಲಸ್ ಆ ಸೋಲನ್ನು ಪರ್ಷಿಯದ ಅರಮನೆಯ ಒಳಗಿನಿಂದ ತೋರಿಸುವ ನಾಟಕ ಆಡಿಸಿದ. ನಮಗೆ ಪೂರ್ತಿಯಾಗಿ ಉಳಿದಿರುವ ಗ್ರೀಕ್ ನಾಟಕಗಳಲ್ಲಿ ಅದೇ ಹಳೆಯದು. ಅಥೆನ್ಸಿನವರ ಒಡೆಯ ಯಾರು ಎಂದು ರಾಜಮಾತೆ ಕೇಳುತ್ತಾಳೆ. ಅವರು ಯಾರ ಗುಲಾಮರೂ ಅಲ್ಲ, ಯಾರ ಪ್ರಜೆಗಳೂ ಅಲ್ಲ ಎಂಬ ಉತ್ತರ ಬರುತ್ತದೆ. ಪೂರ್ವವೆಂದರೆ ಒಬ್ಬ ಒಡೆಯ, ಉಳಿದವರೆಲ್ಲ ಆಳುಗಳು. ಪಶ್ಚಿಮವೆಂದರೆ ಸ್ವತಂತ್ರರು ಎಂಬ ಗೆರೆ ಬಿದ್ದದ್ದು ಅಲ್ಲಿ. 1978ರಲ್ಲಿ ವಿಮರ್ಶಕ ಎಡ್ವರ್ಡ್ ಸಯೀದ್ ಪ್ರಾಚ್ಯವಾದದ, ಅಂದರೆ ಪೂರ್ವವನ್ನು ತನಗಿಂತ ಕೀಳೆಂದು ಚಿತ್ರಿಸುವ ಪಶ್ಚಿಮದ ನೋಟದ, ಬೇರು ಹುಡುಕುತ್ತ ಹೋಗಿ ನಿಂತದ್ದೂ ಈ ನಾಟಕದ ಬಳಿಯೇ. ಅಥೆನ್ಸಿಗೆ ಆ ಗೆಲುವು ತಂದ ಹಡಗುಗಳನ್ನು ಕಟ್ಟಿದ್ದು ಲೌರಿಯೋನ್ ಗಣಿಯ ಬೆಳ್ಳಿಯಿಂದ, ಆ ಗಣಿಯಲ್ಲಿ ದುಡಿದವರು ಗುಲಾಮರು ಎಂಬ ಸಂಗತಿ ರಂಗದ ಮೇಲೆ ಬರಲಿಲ್ಲ. ಸಲಾಮಿಸ್‌ನಲ್ಲಿ ಪರ್ಷಿಯದ ಪರ ಕಾದಿದ ಗ್ರೀಕರೂ ಇದ್ದರು. ಹಾಲಿಕಾರ್ನಾಸಸ್‌ನ ರಾಣಿ ಆರ್ತೆಮಿಸಿಯ ಅವರಲ್ಲೊಬ್ಬಳು.

ಆದರೆ ಸಯೀದ್ ಹೇಳಿದಷ್ಟಕ್ಕೆ ಈಸ್ಕಿಲಸ್ ಮುಗಿಯುವುದಿಲ್ಲ. ಅದೇ ನಾಟಕದಲ್ಲಿ ರಾಜಮಾತೆಗೆ ಒಂದು ಕನಸು ಬೀಳುತ್ತದೆ. ಪರ್ಷಿಯದ ಉಡುಗೆಯವಳು ಒಬ್ಬಳು, ಗ್ರೀಕ್ ಉಡುಗೆಯವಳು ಇನ್ನೊಬ್ಬಳು. ಮಗ ಇಬ್ಬರನ್ನೂ ರಥಕ್ಕೆ ಕಟ್ಟುತ್ತಾನೆ. ಒಬ್ಬಳು ನೊಗಕ್ಕೆ ಹೆಗಲು ಕೊಡುತ್ತಾಳೆ, ಇನ್ನೊಬ್ಬಳು ನೊಗ ಮುರಿಯುತ್ತಾಳೆ. ಈ ಇಬ್ಬರನ್ನು ಕವಿ ಒಂದೇ ಕುಲದ ಅಕ್ಕತಂಗಿಯರು ಎನ್ನುತ್ತಾನೆ. ಇತಿಹಾಸಕಾರ ಹಿರೊಡೊಟಸ್ ಇನ್ನೂ ಮುಂದೆ ಹೋದ. ಸತ್ತ ತಂದೆತಾಯಿಯನ್ನು ಸುಡುವ ಗ್ರೀಕರಿಗೂ ತಿನ್ನುವ ಭಾರತದ ಒಂದು ಜನಕ್ಕೂ ದರಿಯಸ್ ದೊರೆ ಪರಸ್ಪರರ ಪದ್ಧತಿ ಪಾಲಿಸಲು ಎಷ್ಟು ಹಣ ಬೇಕೆಂದು ಕೇಳಿದ, ಇಬ್ಬರೂ ಒಲ್ಲೆವೆಂದರು ಎಂಬ ಕಥೆ ಹೇಳಿ, ಅವರವರಿಗೆ ಅವರವರ ರೂಢಿಯೇ ದೊಡ್ಡದು ಎಂದ. ಚಿನ್ನ ಅಗೆಯುವ ಇರುವೆಗಳ ಕಟ್ಟುಕಥೆಯನ್ನೂ ಮರದಲ್ಲಿ ಬಿಡುವ ಉಣ್ಣೆಯ, ಅಂದರೆ ನಮ್ಮ ಹತ್ತಿಯ, ನಿಜವನ್ನೂ ಅವನು ಒಟ್ಟಿಗೇ ಬರೆದ. ಇಂಥವನನ್ನು ಮುಂದೆ ಗ್ರೀಕ್ ಲೇಖಕ ಪ್ಲೂಟಾರ್ಕ್ ‘ಬರ್ಬರಪ್ರೇಮಿ’ ಎಂದು ಜರೆದ. ಏಷ್ಯಾದವರಿಗೆ ಬುದ್ಧಿಯಿದೆ, ಕೆಚ್ಚಿಲ್ಲ, ಆದ್ದರಿಂದ ಆಳಿಸಿಕೊಳ್ಳುತ್ತಾರೆ ಎಂಬ ಸೂತ್ರ ಬರೆದದ್ದು ಅರಿಸ್ಟಾಟಲ್; ಮುಂದಿನವರಿಗೆ ಬಾಯಿಪಾಠವಾದದ್ದು ಅದು.

ಒಂದು ನೋಟ ಉಳಿದು ಇನ್ನೊಂದು ಅಳಿಯುವುದಕ್ಕೆ ತೀರ ಲೌಕಿಕವಾದ ಕಾರಣವೂ ಇದೆ. ಪಪೈರಸ್ ತಾನಾಗಿ ಉಳಿಯುವುದಿಲ್ಲ, ಮತ್ತೆ ಮತ್ತೆ ಪ್ರತಿ ಮಾಡುವವರು ಬೇಕು. ಈಸ್ಕಿಲಸ್ ಬರೆದದ್ದು ಎಪ್ಪತ್ತಕ್ಕೂ ಹೆಚ್ಚು ನಾಟಕ, ಅವನ ಹೆಸರಿನಲ್ಲಿ ಉಳಿದಿರುವುದು 7. ಬೈಜಾಂಟಿಯಮ್ಮಿನ ಶಾಲೆಗಳು ಪಾಠಕ್ಕೆಂದು ಆರಿಸಿಕೊಂಡ ಮೂರರಲ್ಲಿ ಪರ್ಷಿಯನ್ನರ ನಾಟಕವೂ ಒಂದು, ಹಾಗಾಗಿ ಅದರ ಪ್ರತಿಗಳು ಹೇರಳ. ಪಾಟಲಿಪುತ್ರಕ್ಕೆ ಬಂದುಹೋದ ಗ್ರೀಕ್ ರಾಯಭಾರಿ ಮೆಗಾಸ್ತನೀಸನ ಗ್ರಂಥವನ್ನು ಯಾವ ಶಾಲೆಯೂ ಇಟ್ಟುಕೊಳ್ಳಲಿಲ್ಲ. ನಮಗೆ ಸಿಕ್ಕಿರುವುದು ಮುಂದಿನ ಲೇಖಕರಾದ ಸ್ಟ್ರಾಬೋ, ಅರಿಯನ್, ಡಿಯೊಡೋರಸ್ ಉದ್ಧರಿಸಿದ ತುಣುಕುಗಳು ಮಾತ್ರ. ಭಾರತದಲ್ಲಿ ಗುಲಾಮರೇ ಇಲ್ಲ ಎಂದು ಅವನು ಬರೆದಿದ್ದ. ಅದೂ ತಪ್ಪೇ, ದಾಸರ ಬಗ್ಗೆ ಅರ್ಥಶಾಸ್ತ್ರದಲ್ಲಿ ಒಂದು ಅಧ್ಯಾಯವೇ ಇದೆ. ಆದರೆ ಅಥೆನ್ಸಿನ ರಂಗದ ತಪ್ಪಿಗೆ ಇದು ನೇರ ತದ್ವಿರುದ್ಧ.

ಪ್ರಹಸನದ ಪಕ್ಕದಲ್ಲಿ ಇನ್ನೊಂದು ಪಪೈರಸ್ ಇಟ್ಟು ನೋಡಬೇಕು. ಅದೂ ಈಜಿಪ್ಟಿನದೇ, ಅದೂ ಗ್ರೀಕಿನಲ್ಲೇ, ಅದೂ ಎರಡನೆಯ ಶತಮಾನದ್ದೇ, ಈಗ ವಿಯೆನ್ನಾದಲ್ಲಿದೆ. ಕೇರಳದ ಮುಜಿರಿಸ್ ಬಂದರಿನ ವ್ಯಾಪಾರಕ್ಕೆ ಸಂಬಂಧಿಸಿದ ಸಾಲದ ಕರಾರು ಅದರ ಒಂದು ಮಗ್ಗುಲಲ್ಲಿದೆ. ಇನ್ನೊಂದು ಮಗ್ಗುಲಲ್ಲಿ ‘ಹರ್ಮಪೊಲ್ಲೊನ್’ ಎಂಬ ಹಡಗಿನ ಸರಕಿನ ಪಟ್ಟಿ. ಗಂಗೆಯ ಕಡೆಯ ಜಟಾಮಾಂಸಿ 60 ಪೆಟ್ಟಿಗೆ, ಪೆಟ್ಟಿಗೆಗೆ 4,500 ದ್ರಾಖ್ಮದಂತೆ 45 ತಲಾಂತು (6,000 ದ್ರಾಖ್ಮಕ್ಕೆ ಒಂದು ತಲಾಂತು), ಆಮೇಲೆ ಆನೆದಂತ, ಒಟ್ಟು 1,154 ತಲಾಂತು 2,852 ದ್ರಾಖ್ಮ. ಸಾಲ ಯಾವಾಗ ತೀರಬೇಕು, ಮರುಭೂಮಿಯಲ್ಲಿ ಸರಕು ಯಾರ ಕಾವಲಿನಲ್ಲಿ ಸಾಗಬೇಕು, ಕಾಲುಭಾಗದ ಸುಂಕ ಎಲ್ಲಿ ಕಟ್ಟಬೇಕು ಎಂಬುದನ್ನೆಲ್ಲ ಬರೆದಿದ್ದಾರೆ. ಒಂದನೆಯ ಶತಮಾನದ ಸಮುದ್ರಯಾನ ಕೈಪಿಡಿಯಂತೂ ಭರೂಚ್ ಬಂದರಿನಲ್ಲಿ ದ್ರಾಕ್ಷಾರಸಕ್ಕೆ ಗಿರಾಕಿ ಇದೆ, ಇಟಲಿಯದಕ್ಕೆ ಹೆಚ್ಚು ಬೇಡಿಕೆ ಎಂದು ಹೇಳುತ್ತದೆ. ಭಾರತೀಯರಿಗೆ ದ್ರಾಕ್ಷಾರಸ ಗೊತ್ತಿಲ್ಲ ಎಂದು ನಾಟಕದವರು ನಗಿಸುತ್ತಿದ್ದಾಗ ಬಂದರಿನವರು ಅದನ್ನು ಭಾರತಕ್ಕೇ ಮಾರುತ್ತಿದ್ದರು. ತಿಳಿವಳಿಕೆ ಇರಲಿಲ್ಲವೆಂದಲ್ಲ. ವರ್ತಕರ ಲೆಕ್ಕದ ಪುಸ್ತಕದಲ್ಲಿದ್ದ ತಿಳಿವಳಿಕೆ ರಂಗಕ್ಕೆ ಬೇಕಿರಲಿಲ್ಲ.

ಇನ್ನು ಗ್ರೀಕ್ ಸಂಸ್ಕೃತಿಯ ವಿಸ್ತರಣೆ. ಅಲೆಕ್ಸಾಂಡರ್ ಎಪ್ಪತ್ತಕ್ಕೂ ಹೆಚ್ಚು ಪಟ್ಟಣ ಕಟ್ಟಿ ಏಷ್ಯಾವನ್ನು ನಾಗರಿಕಗೊಳಿಸಿದ, ಪರ್ಷಿಯದ ಮಕ್ಕಳು ಯೂರಿಪಿಡೀಸನ ಪದ ಹಾಡತೊಡಗಿದರು ಎಂದು ಬರೆದದ್ದು ಪ್ಲೂಟಾರ್ಕ್, ಅಲೆಕ್ಸಾಂಡರ್ ಸತ್ತು ನಾನೂರು ವರ್ಷದ ಮೇಲೆ, ಹೊಗಳಿಕೆಯ ಭಾಷಣದ ಧಾಟಿಯಲ್ಲಿ. ನೆಲ ಅಗೆದಾಗ ಸಿಗುವುದು ಬೇರೆ. ಗ್ರೀಕರು ನಡೆದದ್ದು ಪರ್ಷಿಯದವರು ಮೊದಲೇ ಹಾಕಿದ್ದ ದಾರಿಗಳಲ್ಲಿ, ಆಳಿದ್ದು ಅವರೇ ಗೆರೆಯೆಳೆದಿದ್ದ ಪ್ರಾಂತಗಳನ್ನು.

ಆಫ್ಘಾನಿಸ್ತಾನದ ಉತ್ತರದ ಅಂಚಿನಲ್ಲಿ, ಆಮು ದರಿಯಾಕ್ಕೆ ಕೋಕ್ಚಾ ನದಿ ಸೇರುವಲ್ಲಿ, ಆಯ್ ಖಾನುಮ್ ಎಂಬ ಪಟ್ಟಣವಿತ್ತು. 1961ರಲ್ಲಿ ಬೇಟೆಗೆ ಹೋಗಿದ್ದ ದೊರೆ ಜಹೀರ್ ಷಾಗೆ ಅಲ್ಲಿನ ಗ್ರೀಕ್ ಶೈಲಿಯ ಕಂಬದ ಕಲ್ಲು ಕಂಡಿತು. ಪಾಲ್ ಬರ್ನಾರ್ಡ್ ನೇತೃತ್ವದ ಫ್ರೆಂಚ್ ತಂಡ 1978ರವರೆಗೆ ಅಗೆಯಿತು. ಗರಡಿ, ಸಾವಿರಾರು ಜನ ಕೂರುವ ರಂಗಮಂದಿರ, ಗ್ರೀಸಿನ ಪುಣ್ಯಕ್ಷೇತ್ರ ಡೆಲ್ಫಿಯಿಂದ ಕ್ಲೆಯಾರ್ಕೋಸ್ ಎಂಬವನು ನಕಲು ಮಾಡಿ ತಂದು ಕೆತ್ತಿಸಿದ ನೀತಿವಾಕ್ಯಗಳು, ಎಲ್ಲ ಸಿಕ್ಕವು. ಇಷ್ಟಕ್ಕೇ ನಿಂತರೆ ಅದು ಗ್ರೀಸಿನ ಒಂದು ತುಂಡು ಎಂದೇ ತೋರುತ್ತದೆ. ಸ್ವಲ್ಪ ಹತ್ತಿರ ಹೋಗಬೇಕು. ಕಟ್ಟಡಗಳು ಹಸಿ ಇಟ್ಟಿಗೆಯವು. ಮಾಡು ನಮ್ಮ ಬಯಲುಸೀಮೆಯ ಮಾಳಿಗೆಯ ಹಾಗೆ ಮಟ್ಟಸವಾದ ಮಣ್ಣಿನದು, ಅದರ ಅಂಚಿಗೆ ಮಾತ್ರ ಸಾಲಾಗಿ ಗ್ರೀಕ್ ಅಲಂಕಾರದ ಹೆಂಚು. ಮುಖ್ಯ ದೇವಾಲಯದ ತಳವಿನ್ಯಾಸ ಮೆಸೊಪೊಟೇಮಿಯದ್ದು, ಒಳಗಿದ್ದ ದೊಡ್ಡ ವಿಗ್ರಹದ ಉಳಿದ ಪಾದಕ್ಕೆ ಸಿಡಿಲಿನ ಗುರುತುಳ್ಳ ಗ್ರೀಕ್ ಪಾದರಕ್ಷೆ. ಅರಮನೆಯ ಉಗ್ರಾಣದ ಗುಡಾಣಗಳ ಮೇಲೆ ಶಾಯಿಯಲ್ಲಿ ಬರೆದ ಲೆಕ್ಕ ಗ್ರೀಕಿನಲ್ಲಿದೆ. ಲೆಕ್ಕಕ್ಕೆ ಹೊಣೆಯಾದವರ ಹೆಸರುಗಳಲ್ಲಿ ಜೆನೋನ್, ಫಿಲಿಸ್ಕೋಸ್ ಜೊತೆಗೆ ಆಕ್ಸಿಬಜೋಸ್ ಎಂಬ ಇರಾನೀ ಹೆಸರೂ ಇದೆ. ಎಣಿಸಿಟ್ಟ ಹಣದಲ್ಲಿ ತಕ್ಷಶಿಲೆಯ ಕಾರ್ಷಾಪಣಗಳಿವೆ. ಕಚೇರಿಯ ಬರವಣಿಗೆ ಗ್ರೀಕ್, ದೇವರ ಮನೆ ಸ್ಥಳೀಯ, ಮನೆಯ ಮಾಡು ಹವೆಗೆ ತಕ್ಕದ್ದು. ಯಾವುದಕ್ಕೆ ಯಾವುದು ಬೇಕೋ ಅದನ್ನು ಆರಿಸಿಕೊಂಡಿದ್ದಾರೆ.

ಗ್ರೀಕನ್ನು ಆರಿಸಿಕೊಂಡವರು ಗ್ರೀಕರೇ ಆಗಿರಬೇಕೆಂದಿರಲಿಲ್ಲ. 2004ರಲ್ಲಿ ಪ್ರಕಟವಾದ ಕಂದಹಾರದ ಒಂದು ಕಲ್ಲಿನ ಮೇಲೆ, ನರಾತೋಸನ ಮಗ ಸೋಫಿತೋಸ್ ತನ್ನ ಕಥೆಯನ್ನು ಗ್ರೀಕ್ ಪದ್ಯದಲ್ಲಿ ಹೇಳಿಕೊಂಡಿದ್ದಾನೆ. ಮನೆತನ ಹಾಳಾಯಿತು, ವ್ಯಾಪಾರಕ್ಕೆ ಊರು ಬಿಟ್ಟೆ, ಗಳಿಸಿ ಬಂದು ಹಿರಿಯರ ಗೋರಿ ಮತ್ತೆ ಕಟ್ಟಿಸಿದೆ ಎಂಬುದು ಸಾರ. ಅಪ್ಪ ಮಗ ಇಬ್ಬರ ಹೆಸರೂ ಗ್ರೀಕಲ್ಲ, ಭಾರತೀಯ ಮೂಲದವೆಂದು ಕಾಣುತ್ತವೆ. ಸಾಲುಗಳ ಮೊದಲ ಅಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಅವನ ಹೆಸರೇ ಬರುತ್ತದೆ. ನಮ್ಮ ಚಿತ್ರಕವಿಗಳು ಮೆಚ್ಚುವ ಕೆಲಸ. ಯಾರೋ ಹೇರಿದ ಭಾಷೆಯಲ್ಲಿ ಮನುಷ್ಯ ಇಷ್ಟು ಪ್ರೀತಿಯಿಂದ ಆಟವಾಡುವುದಿಲ್ಲ.

ಕಂದಹಾರ ಮೌರ್ಯರ ಕೈಗೆ ಬಂದದ್ದು ಅಲೆಕ್ಸಾಂಡರನ ಸೇನಾನಿಯಾಗಿದ್ದ ಸೆಲ್ಯೂಕಸ್ ಮತ್ತು ಚಂದ್ರಗುಪ್ತರ ಒಪ್ಪಂದದಿಂದ. ಬದಲಿಗೆ ಹೋದದ್ದು 500 ಆನೆ. ಅಲ್ಲಿ ಅಶೋಕ ಗ್ರೀಕಿನಲ್ಲೂ ಅರಮೇಯಿಕ್‌ನಲ್ಲೂ ಬರೆಸಿದ. ದ್ವಿಭಾಷಾ ಶಾಸನ 1958ರಲ್ಲಿ ಸಿಕ್ಕಿತು. ಅದರಲ್ಲಿ ‘ಧಮ್ಮ’ಕ್ಕೆ ‘ಯುಸೆಬೆಯಾ’ ಎಂಬ, ದೇವರು ಹಿರಿಯರ ಮೇಲಿನ ಭಯಭಕ್ತಿ ಸೂಚಿಸುವ ಗ್ರೀಕ್ ಪದವಿದೆ. 1963ರಲ್ಲಿ ಸಿಕ್ಕ ಇನ್ನೊಂದು ಕಲ್ಲಿನಲ್ಲಿ 12ನೆಯ ಬಂಡೆಶಾಸನದ ಕೊನೆ ಮತ್ತು 13ನೆಯದರ ಮೊದಲ ಭಾಗ ಗ್ರೀಕಿನಲ್ಲಿವೆ. ಅದೇ 12ನೆಯ ಶಾಸನ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಇದೆ. ಭೀಮಾ ತೀರದ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ 1986ರಲ್ಲಿ ಕಾಳಿಗುಡಿಯ ಚಾವಣಿ ಕುಸಿದಾಗ, ಮೂರ್ತಿಯ ಪೀಠಕ್ಕೆ ಹಾಸಿದ್ದ ಚಪ್ಪಡಿಯೇ ಅಶೋಕನ ಶಾಸನವೆಂದು ತಿಳಿಯಿತು. ತನ್ನ ಪಂಥವನ್ನು ಹೊಗಳಿ ಪರರದನ್ನು ಹಳಿಯದಂತೆ ಮಾತನ್ನು ಬಿಗಿಹಿಡಿಯಬೇಕು ಎಂಬುದು ಆ ಶಾಸನದ ಸಾರ. ಪ್ರಾಕೃತದಲ್ಲಿ ‘ವಚಿಗುತಿ’ ಎಂದಿದ್ದದ್ದನ್ನು ಗ್ರೀಕ್ ಅನುವಾದಕ ‘ನಾಲಗೆಯ ಮೇಲೆ ಹಿಡಿತವುಳ್ಳವರು’ ಎಂದ. ಪಂಥ ಎಂಬರ್ಥದ ‘ಪಾಸಂಡ’ಕ್ಕೆ ಅವನು ಹುಡುಕಿದ ಪದ ‘ದಿಯಾತ್ರಿಬೆ’, ತತ್ತ್ವಜ್ಞಾನದ ಶಾಲೆ. ಮುಂದೆ ಒಂದು ವಿಚಿತ್ರ ನಡೆಯಿತು. ಪಾಸಂಡ ಕನ್ನಡದಲ್ಲಿ ‘ಪಾಷಂಡಿ’ ಎಂಬ ಬೈಗುಳವಾಯಿತು. ದಿಯಾತ್ರಿಬೆ ಇಂಗ್ಲಿಷಿಗೆ ಹೋಗಿ ‘ಡಯಾಟ್ರೈಬ್’ ಎಂಬ ಕಟುನಿಂದೆಯಾಯಿತು.

ಕೊಡುಕೊಳೆ ಎರಡೂ ಕಡೆ ಇತ್ತು. ತಕ್ಷಶಿಲೆಯಿಂದ ವಿದಿಶೆಗೆ ರಾಯಭಾರಿಯಾಗಿ ಬಂದ ಗ್ರೀಕ್ ಹೆಲಿಯೊಡೋರಸ್, ಕ್ರಿ.ಪೂ. ಎರಡನೆಯ ಶತಮಾನದ ಕೊನೆಯ ಸುಮಾರಿಗೆ, ತಾನು ಭಾಗವತನೆಂದು ಬ್ರಾಹ್ಮಿಯಲ್ಲಿ ಬರೆಸಿ ವಾಸುದೇವನಿಗೆ ಗರುಡಗಂಬ ನಿಲ್ಲಿಸಿದ.

ಇಷ್ಟು ಹೆಣೆದುಕೊಂಡದ್ದನ್ನು ‘ಗ್ರೀಕರು ಕೊಟ್ಟರು, ಏಷ್ಯಾ ಪಡೆಯಿತು’ ಎಂಬ ಒಂದೆಳೆಗೆ ಇಳಿಸಿದ್ದು ಹತ್ತೊಂಬತ್ತನೆಯ ಶತಮಾನ. ಜರ್ಮನಿಯ ದ್ರೊಯ್ಸೆನ್ ಅಲೆಕ್ಸಾಂಡರನ ಚರಿತ್ರೆ ಬರೆದದ್ದು 1833ರಲ್ಲಿ. ಅಲೆಕ್ಸಾಂಡರನ ನಂತರದ ಯುಗಕ್ಕೆ ‘ಹೆಲೆನಿಸಂ’ ಎಂಬ ಹೆಸರು ಊರಿದ ಅವನ ಸಂಪುಟ ಬರತೊಡಗಿದ್ದು 1836ರಿಂದ. ನಡುವೆ 1835ರಲ್ಲಿ ಮೆಕಾಲೆ ಭಾರತದ ಶಿಕ್ಷಣದ ಬಗ್ಗೆ ತನ್ನ ಟಿಪ್ಪಣಿ ಬರೆದ: ಇಂಗ್ಲಿಷರ ಪೂರ್ವಿಕರಿಗೆ ಗ್ರೀಕ್ ಮತ್ತು ಲ್ಯಾಟಿನ್ ಏನಾಗಿದ್ದವೋ ಭಾರತೀಯರಿಗೆ ಇಂಗ್ಲಿಷ್ ಅದಾಗಬೇಕು. ದ್ರೊಯ್ಸೆನ್ ಬೆರಕೆಯನ್ನು ಮೆಚ್ಚಿದವನು, ಅವನನ್ನೂ ಮೆಕಾಲೆಯನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ. ಆದರೆ ಸಾಮ್ರಾಜ್ಯದ ಅಧಿಕಾರಿಗಳು ಅಲೆಕ್ಸಾಂಡರನಲ್ಲಿ ತಮ್ಮದೇ ಮುಖ ಕಂಡರು. ಗಾಂಧಾರದ ಬುದ್ಧಮೂರ್ತಿಯ ಜಗಳ ಹುಟ್ಟಿದ್ದು ಇಲ್ಲಿಂದ. ಬುದ್ಧನಿಗೆ ರೂಪ ಕೊಟ್ಟದ್ದು ಗ್ರೀಕ್ ಕೈ ಎಂದು ಫ್ರಾನ್ಸಿನ ಫೂಶೆ. ಅಲ್ಲ, ಮಥುರೆಯ ಯಕ್ಷಮೂರ್ತಿಗಳ ಪರಂಪರೆ ಎಂದು ಆನಂದ ಕುಮಾರಸ್ವಾಮಿ. ಆ ಮೂರ್ತಿಗಳಲ್ಲಿ ಹೆಚ್ಚಿನವು ಕುಷಾಣರ ಕಾಲದವು, ಅಲೆಕ್ಸಾಂಡರ್ ಬಂದುಹೋಗಿ ನಾನೂರು ಐನೂರು ವರ್ಷದ ಮೇಲಿನವು, ರೋಮಿನೊಂದಿಗೆ ವ್ಯಾಪಾರ ಜೋರಾಗಿದ್ದಾಗಿನವು ಎಂಬ ಕಾಲಗಣನೆಯನ್ನು ಮೊದಲು ಇಟ್ಟುಕೊಂಡಿದ್ದರೆ ಆ ಜಗಳದ ಅರ್ಧ ಬಿಸಿ ಆರುತ್ತಿತ್ತು.

ಇಂದು ಜಾಲತಾಣಗಳಲ್ಲಿ ಓಡಾಡುವ ‘ಗ್ರೀಕರು ಎಲ್ಲವನ್ನೂ ನಮ್ಮಿಂದ ಕಲಿತರು’ ಎಂಬ ಮಾತು ಅದೇ ಒಂದೆಳೆಯ ತಲೆಕೆಳಗು. ಎರಡನ್ನೂ ಪರೀಕ್ಷಿಸುವ ಬಗೆ ಒಂದೇ. ಹೇಳುವ ಪಠ್ಯಕ್ಕೂ ನಡೆದ ಘಟನೆಗೂ ಎಷ್ಟು ವರ್ಷದ ಅಂತರ ಎಂದು ಮೊದಲು ನೋಡಬೇಕು. ಪ್ಲೂಟಾರ್ಕ್ ಅಲ್ಲೇ ಎಡವುತ್ತಾನೆ. ವಸ್ತುವನ್ನು ಮಾಡಿಸಿದವರು ಯಾರು, ಯಾವ ಕೆಲಸಕ್ಕೆ ಎಂದು ಕೇಳಬೇಕು. ‘ಪ್ರಭಾವ’ ಎಂಬ ಪದ ಕೊಟ್ಟವನನ್ನು ದೊಡ್ಡವನಾಗಿಸಿ ಆರಿಸಿಕೊಂಡವನನ್ನು ಮರೆಸುತ್ತದೆ. ಹೋಲಿಕೆ ಕಂಡಾಕ್ಷಣ ಸಂಬಂಧ ಕಟ್ಟದೆ, ಆ ಕಾಲದ ಭಾಷಾರೂಪ ಅದಕ್ಕೆ ಒಪ್ಪುತ್ತದೆಯೇ ಎಂದು ತೂಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ವಸ್ತು ಯಾವ ನೆಲದಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬುದು ಗೊತ್ತಿರಬೇಕು.

ಈ ಕೊನೆಯದು ಕೈತಪ್ಪುತ್ತಿದೆ. 1978ರ ನಂತರದ ಯುದ್ಧದ ವರ್ಷಗಳಲ್ಲಿ ಆಯ್ ಖಾನುಮ್ ನೆಲವನ್ನು ಲೋಹಶೋಧಕ ಹಿಡಿದ ನಿಧಿಗಳ್ಳರು ಗುಂಡಿಗುಂಡಿಯಾಗಿ ತೋಡಿದರು. ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಅದು ಸಿಡುಬು ಎದ್ದ ಮೈಯಂತೆ ಕಾಣುತ್ತದೆ. ಕೀಳಿಸಿಕೊಂಡ ಕಂಬದ ಬೋದಿಗೆಗಳು ಹತ್ತಿರದ ಚಹಾದಂಗಡಿಯ ಕಂಬಗಳಿಗೆ ಆಸರೆಯಾದವು. ಅದೇ ನೆಲದಲ್ಲಿ 1970ರ ಅಕ್ಟೋಬರಿನಲ್ಲಿ ಉತ್ಖನನಕಾರರಿಗೆ ಅರಮನೆಯ ಒಂದು ಕೋಣೆಯಲ್ಲಿ ಭಾರತದ 677 ಮುದ್ರಾಂಕಿತ ನಾಣ್ಯಗಳು ಸಿಕ್ಕಿದ್ದವು, ಅವುಗಳ ಜೊತೆ ಅಗಥೋಕ್ಲೀಸ್ ಎಂಬ ಗ್ರೀಕ್ ಅರಸನ 6 ಚೌಕ ಬೆಳ್ಳಿ ನಾಣ್ಯಗಳು. ಒಂದು ಮುಖದಲ್ಲಿ ಒನಕೆ ನೇಗಿಲು ಹಿಡಿದ ಬಲರಾಮ, ಸುತ್ತ ಗ್ರೀಕ್ ಅಕ್ಷರಗಳಲ್ಲಿ ಅರಸನ ಹೆಸರು. ಇನ್ನೊಂದು ಮುಖದಲ್ಲಿ ಚಕ್ರ ಶಂಖ ಹಿಡಿದ ವಾಸುದೇವ, ಬದಿಯಲ್ಲಿ ಬ್ರಾಹ್ಮಿಯಲ್ಲಿ ‘ರಜನೆ ಅಗಥುಕ್ಲಯಸ’. ಎಷ್ಟು, ಎಲ್ಲಿ, ಯಾವುದರ ಜೊತೆ ಎಂದು ಬರೆದಿಟ್ಟಿದ್ದರಿಂದ ಈ ನಾಣ್ಯಗಳು ಗ್ರೀಕ್ ಅರಸನೊಬ್ಬನ ಖಜಾನೆಯಲ್ಲಿ ಭಾರತದ ದೇವರು ಏನು ಮಾಡುತ್ತಿದ್ದನೆಂದು ಇಂದಿಗೂ ಹೇಳುತ್ತಿವೆ. ಗುಂಡಿ ತೋಡಿದವರು ಎತ್ತಿಕೊಂಡು ಹೋದ ನಾಣ್ಯಗಳಿಗೆ ಈಗ ಉಳಿದಿರುವುದು ತೂಕ ಮತ್ತು ಬೆಲೆ ಮಾತ್ರ.